ಮಡಿಕೇರಿಯ 571201: 755ಕ್ಕೇ ಯಾಕೆ ನಿಲ್ಲಿಸಬೇಕು?

571201 ಮಡಿಕೇರಿಯ ಪಿನ್‌ಕೋಡ್. ಮೊನ್ನೆ ಅರ್ಜಿ ತುಂಬುವಾಗ, ಇದು ಅವಿಭಾಜ್ಯ ಸಂಖ್ಯೆ ಇರಬಹುದಾ ಅಂತ ತಲೆಯಲ್ಲಿ ಹುಳ ಹೊಕ್ಕಿತು. ಹೊರಗೆ ಮಳೆ, ಕರೆಂಟ್ ಬೇರೆ ಇಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂತೆ.

2, 3, 5 ಬಿಡಿ, ನೋಡಿದರೇ ಗೊತ್ತಾಗುತ್ತದೆ. 7, 11, 13ಕ್ಕೆ ನನಗೆ ಇಷ್ಟವಾದ ಒಂದು ಒಳದಾರಿ ಇದೆ. ಈ ಮೂರನ್ನೂ ಗುಣಿಸಿದರೆ 1001. ಆರಂಕಿಯ ಸಂಖ್ಯೆಯನ್ನು ಮಧ್ಯಕ್ಕೆ ಮುರಿಯಿರಿ: 571, 201. ಕಳೆದರೆ 370. ಅಂದರೆ 571201 = 571×1001 − 370. ಹಾಗಾಗಿ 370 ಭಾಗವಾಗದಿದ್ದರೆ ದೊಡ್ಡದೂ ಭಾಗವಾಗುವುದಿಲ್ಲ. 370 ಅಂದರೆ 2×5×37. ಒಂದೇ ಕಳೆಯುವ ಲೆಕ್ಕದಲ್ಲಿ ಮೂರೂ ಹೋದವು! (37 ಸಿಕ್ಕಿತು ಅಂತ ಕುಣಿಯಬೇಡಿ. 1001ರಲ್ಲಿ 37 ಇಲ್ಲ, ಆದ್ದರಿಂದ ಅದಕ್ಕೆ ಈ ಒಳದಾರಿ ನಡೆಯುವುದಿಲ್ಲ. ನಾನು ಕುಣಿದಿದ್ದೆ.)

ಈಗ ನಾನು ಎಡವಿದ ಜಾಗ. ಪುಸ್ತಕದಲ್ಲಿ "ವರ್ಗಮೂಲದವರೆಗೆ ನೋಡಿದರೆ ಸಾಕು" ಅಂತ ಇರುತ್ತದೆ. ಇಲ್ಲಿ ವರ್ಗಮೂಲ 755 ಚಿಲ್ಲರೆ. ಸರಿ, ಆದರೆ 755ಕ್ಕಿಂತ ದೊಡ್ಡ ಅಪವರ್ತನ ಇರಬಾರದಾ? ವಿರಾಜಪೇಟೆಯ 571218 ನೋಡಿ: 6×95203. 95203 ಎಷ್ಟು ದೊಡ್ಡದು!

ಉತ್ತರ ಹೊಳೆದದ್ದು ಕಾಫಿ ಸಸಿಗಳಿಂದ. 571201 ಸಸಿಗಳನ್ನು ಸಾಲಾಗಿ ಇಡಬೇಕು, ಎಲ್ಲ ಸಾಲೂ ಸಮ ಇರಬೇಕು, ಒಂದೂ ಉಳಿಯಬಾರದು. ಸಾಲುಗಳು 756 ಆದವು ಅಂದುಕೊಳ್ಳಿ. ಸಾಲಿಗೂ 756 ಸಸಿ ಇಟ್ಟರೆ 571536 ಬೇಕು. ಅಷ್ಟು ಸಸಿ ನಮ್ಮಲ್ಲಿಲ್ಲ. ಹಾಗಾಗಿ ಸಾಲು ಜಾಸ್ತಿಯಾದರೆ ಸಾಲಿನ ಸಸಿ 755 ಅಥವಾ ಅದಕ್ಕಿಂತ ಕಮ್ಮಿಯೇ ಇರಬೇಕು. ದೊಡ್ಡ ಅಪವರ್ತನ ಇರಬಹುದು, ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಅದರ ಜೋಡಿ ಚಿಕ್ಕದು, ಅದು ನಮಗೆ ಮೊದಲೇ ಸಿಕ್ಕಿಬಿಡುತ್ತದೆ. 95203ಕ್ಕೆ 6 ಸಿಕ್ಕ ಹಾಗೆ. ಇದು ತಿಳಿಯದೆ ನಾನು ಅರ್ಧದವರೆಗೆ, 285600ರ ತನಕ ಹೋಗಬೇಕು ಅಂದುಕೊಂಡಿದ್ದೆ!

755ರೊಳಗೆ ಅವಿಭಾಜ್ಯಗಳು 133. 17ಕ್ಕೆ ಕಷ್ಟವಿಲ್ಲ: 571200 = 17×33600, ಶೇಷ 1. ಉಳಿದವು ಸುಮ್ನೆ ಕೂತು ಮಾಡುವ ಕೆಲಸ. 89ರ ಹತ್ತಿರ ಎದೆ ಹೊಡೆದುಕೊಂಡಿತು, ಶೇಷ 88. ಇನ್ನೊಂದು ಇದ್ದಿದ್ದರೆ ಮುಗಿಯುತ್ತಿತ್ತು. 751ರ ತನಕ ಯಾವುದೂ ಭಾಗಿಸಲಿಲ್ಲ. ಅವಿಭಾಜ್ಯವೇ.

ಇನ್ನೊಂದು ಇದೆ. 4ರಿಂದ ಭಾಗಿಸಿದರೆ ಶೇಷ 1 ಬರುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಗಣಿತಜ್ಞ ಫರ್ಮಾ ಹೇಳಿದ್ದು, ಆಮೇಲೆ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿದ್ದು. ಇಲ್ಲಿ ಶೇಷ 1 ಅಲ್ವಾ? ಹುಡುಕಿದೆ. ವರ್ಗ ಮಾಡುವ ಎರಡು ಸಂಖ್ಯೆಗಳಲ್ಲಿ ಒಂದು 3ರ ಗುಣಕ, ಒಂದು (ಅದೇ ಆದರೂ ಸರಿ) 5ರ ಗುಣಕ ಆಗಲೇಬೇಕು ಅನ್ನುವುದು ಹುಡುಕಾಟವನ್ನು ಬಹಳ ಕಮ್ಮಿ ಮಾಡಿತು. ಎರಡೂ ಒಂದರಲ್ಲೇ ಸಿಕ್ಕವು: 735² + 176². ಕೂಡಿ ನೋಡಿ, 540225 + 30976.