ಅಮೆರಿಕದ ಅಧ್ಯಕ್ಷರು ಯಾರನ್ನೂ ಕೇಳದೆ ಯುದ್ಧ ಶುರು ಮಾಡಬಹುದಾ?

ಪ್ರಶ್ನೆ: ಎಲ್ಲೋ ಬಾಂಬ್ ಬಿದ್ದರೆ ಇಲ್ಲಿ ನಮಗೆ ಡೀಸೆಲ್ ಚಿಂತೆ. ಅಮೆರಿಕದ ಅಧ್ಯಕ್ಷರು ಒಬ್ಬರೇ ತೀರ್ಮಾನ ಮಾಡಿ ಯುದ್ಧಕ್ಕೆ ಹೋಗಬಹುದಾ? ತಡೆಯೋರು ಯಾರೂ ಇಲ್ವಾ? ನಮ್ಮ ದೇಶದಲ್ಲಿ ಹೇಗೆ?
(ಕೋಲಾರ ಎಪಿಎಂಸಿಯಿಂದ ಹೊರರಾಜ್ಯಗಳಿಗೆ ಟೊಮ್ಯಾಟೊ ಲೋಡ್ ಕಳಿಸುವ ಓದುಗರೊಬ್ಬರು)

ಉತ್ತರ: ತಡೆಯೋಕೆ ಕಾನೂನು ಇದೆ. ಆದರೆ ಅದು ಸೋತಿದ್ದೇ ಜಾಸ್ತಿ.

ಅಮೆರಿಕದ ಸಂವಿಧಾನ ಯುದ್ಧ ಸಾರುವ ಅಧಿಕಾರ ಕೊಟ್ಟಿರುವುದು ಅಲ್ಲಿನ ಸಂಸತ್ತಿಗೆ, ಅಂದರೆ ಕಾಂಗ್ರೆಸ್‌ಗೆ. ಸೇನೆಯ ದಂಡನಾಯಕತ್ವ ಮಾತ್ರ ಅಧ್ಯಕ್ಷರದು. ಕಾಂಗ್ರೆಸ್ ಕೊನೆಯ ಸಲ ಹೀಗೆ ಯುದ್ಧ ಸಾರಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್ ಯುದ್ಧಗಳೆಲ್ಲ ಆ ಘೋಷಣೆ ಇಲ್ಲದೆಯೇ ನಡೆದವು.

ವಿಯೆಟ್ನಾಂನಲ್ಲಿ ಸಾವಿರಾರು ಹುಡುಗರು ಸತ್ತ ಮೇಲೆ ಕಾಂಗ್ರೆಸ್ ಎಚ್ಚೆತ್ತಿತು. 1973ರಲ್ಲಿ ಯುದ್ಧಾಧಿಕಾರದ ಕಾನೂನು ತಂದಿತು. ಅಧ್ಯಕ್ಷ ನಿಕ್ಸನ್ ಸಹಿ ಹಾಕದೆ ವಾಪಸ್ ಕಳಿಸಿದರು. ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಮತ್ತೆ ಪಾಸು ಮಾಡಿದವು.

ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ಪಂಚಾಯ್ತಿ ಅಧ್ಯಕ್ಷರು ಸಭೆಗಾಗಿ ಕಾಯುತ್ತಾ ಕೂರಲ್ಲ. ಮೊದಲು ರಿಪೇರಿ ಮಾಡಿಸುತ್ತಾರೆ, ಆಮೇಲೆ ಸಭೆಯಲ್ಲಿಟ್ಟು ಘಟನೋತ್ತರ ಅನುಮೋದನೆ ತಗೊಳ್ಳುತ್ತಾರೆ. ಈ ಕಾನೂನಿನ ಲೆಕ್ಕಾಚಾರವೂ ಹಾಗೇ. ಸೇನೆಯನ್ನು ಕದನಕ್ಕಿಳಿಸಿದರೆ 48 ಗಂಟೆಯೊಳಗೆ ಅಧ್ಯಕ್ಷರು ಕಾಂಗ್ರೆಸ್‌ಗೆ ಬರೆದು ತಿಳಿಸಬೇಕು. 60 ದಿನದೊಳಗೆ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ಸೈನಿಕರನ್ನು ಸುರಕ್ಷಿತವಾಗಿ ಕರೆತರಲು ಬೇಕಿದ್ದರೆ ಇನ್ನು 30 ದಿನ.

ಕೇಳೋಕೆ ಗಟ್ಟಿಯಾಗಿಯೇ ಇದೆ, ಅಲ್ವಾ? 2011ರಲ್ಲಿ ಏನಾಯಿತು ನೋಡಿ. ಮಾರ್ಚ್ 19ಕ್ಕೆ ಲಿಬಿಯಾ ಮೇಲೆ ದಾಳಿ ಶುರುವಾಯಿತು. ಎರಡು ದಿನಕ್ಕೆ ಅಧ್ಯಕ್ಷ ಒಬಾಮಾ ಕಾಂಗ್ರೆಸ್‌ಗೆ ಪತ್ರ ಬರೆದರು. ಅಲ್ಲಿಗೆ ನಿಯಮ ಪಾಲಿಸಿದಂತಾಯಿತು. ಮೇ 20ಕ್ಕೆ 60 ದಿನ ಮುಗಿಯಿತು. ಒಪ್ಪಿಗೆ ಸಿಕ್ಕಿರಲಿಲ್ಲ, ದಾಳಿಯೂ ನಿಲ್ಲಲಿಲ್ಲ. ನೆಲದ ಮೇಲೆ ನಮ್ಮ ಸೈನಿಕರಿಲ್ಲ, ಎದುರಿನಿಂದ ಗುಂಡಿನ ಉತ್ತರವೂ ಇಲ್ಲ, ಆದ್ದರಿಂದ ಇದು ಕಾನೂನು ಹೇಳುವ ಕದನವೇ ಅಲ್ಲ ಎಂದು ಸರ್ಕಾರ ವಾದಿಸಿತು. ಕ್ಷಿಪಣಿ ಬಿದ್ದ ಜಾಗದಲ್ಲಿ ನಿಂತವರಿಗೆ ಈ ವಾದ ಹೇಗೆ ಕೇಳಿಸಿರಬೇಕು!

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು ಕಡೆ ಇದೆ. ಅಧ್ಯಕ್ಷರ ಸಹಿ ಇಲ್ಲದೆ, ಬರೀ ಎರಡು ಸದನಗಳ ನಿರ್ಣಯದಿಂದ ಸೇನೆಯನ್ನು ವಾಪಸ್ ಕರೆಸಬಹುದು ಎಂದು 1973ರ ಕಾನೂನಿನಲ್ಲಿತ್ತು. 1983ರಲ್ಲಿ ವಲಸೆಗೆ ಸಂಬಂಧಿಸಿದ ಬೇರೆಯದೇ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಧ್ಯಕ್ಷರನ್ನು ಬಿಟ್ಟು ಇಂಥ ನಿರ್ಣಯ ಮಾಡುವಂತಿಲ್ಲ ಎಂದಿತು. ಆ ತೀರ್ಪು ಈ ಕಾನೂನಿನ ಹಲ್ಲನ್ನೇ ಕಿತ್ತಿತು. ಈಗ ಯುದ್ಧ ನಿಲ್ಲಿಸಿ ಎಂಬ ನಿರ್ಣಯಕ್ಕೂ ಯುದ್ಧ ಮಾಡುತ್ತಿರುವವರದೇ ಸಹಿ ಬೇಕು. ಅವರು ಒಪ್ಪದಿದ್ದರೆ ಮೂರನೇ ಎರಡರಷ್ಟು ಮತ ಕೂಡಿಸಬೇಕು. 2019ರಲ್ಲಿ ಯೆಮೆನ್ ಯುದ್ಧದಿಂದ ಹೊರಬರುವ ನಿರ್ಣಯ ಎರಡೂ ಸದನ ದಾಟಿತ್ತು. ಅಧ್ಯಕ್ಷ ಟ್ರಂಪ್ ವೀಟೊ ಮಾಡಿದರು, ಅಂದರೆ ಸಹಿ ಹಾಕದೆ ವಾಪಸ್ ಕಳಿಸಿದರು. ಮೇಲ್ಮನೆಯಾದ ಸೆನೆಟ್‌ನಲ್ಲಿ ಅದನ್ನು ಮೀರಲು 53 ಮತ ಬಂದವು, ವಿರುದ್ಧ 45. ಬಹುಮತ ಇತ್ತು, ಆದರೂ ಸಾಲಲಿಲ್ಲ.

ಇನ್ನು ನಮ್ಮ ದೇಶ. ನಮ್ಮಲ್ಲಿ ಇಷ್ಟೂ ಇಲ್ಲ. ಹೊರದೇಶಕ್ಕೆ ಸೇನೆ ಕಳಿಸುವ ಮುಂಚೆ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂದು ಸಂವಿಧಾನ ಹೇಳಿಲ್ಲ. ತುರ್ತು ಪರಿಸ್ಥಿತಿಗೆ ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು, ನಿಜ. ಆದರೆ ಅದು ದೇಶದೊಳಗಿನ ಆಡಳಿತದ ಮಾತು, ಸೇನೆ ಕಳಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂಸತ್ತಿನ ಕೈಯಲ್ಲಿರುವುದು ಪ್ರಶ್ನೆ ಕೇಳುವುದು, ಬಜೆಟ್ ತಡೆಯುವುದು, ಕೊನೆಗೆ ಅವಿಶ್ವಾಸ ನಿರ್ಣಯ.

1987ರ ಜುಲೈ 29ರಂದು ರಾಜೀವ್ ಗಾಂಧಿ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಬೆನ್ನಲ್ಲೇ ನಮ್ಮ ಸೇನೆ ಶ್ರೀಲಂಕಾದಲ್ಲಿ ಇಳಿಯಿತು. ಅದಕ್ಕೆ ಮುಂಚೆ ಸಂಸತ್ತಿನಲ್ಲಿ ಮತಕ್ಕೆ ಹಾಕಿರಲಿಲ್ಲ. ಶಾಂತಿ ಕಾಯಲು ಹೋದವರು ಅಲ್ಲಿನ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ಕಾದಾಡಬೇಕಾಯಿತು. 1990ರ ಮಾರ್ಚ್‌ನಲ್ಲಿ ವಾಪಸಾಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಯೋಧರು ತೀರಿಕೊಂಡಿದ್ದರು. ನಾವು ಆರಿಸಿ ಕಳಿಸಿದ ಸಂಸದರು ಆ ತೀರ್ಮಾನಕ್ಕೆ ಹೌದು ಅಂತಲೂ ಹೇಳಬೇಕಿರಲಿಲ್ಲ, ಬೇಡ ಅಂತಲೂ ಹೇಳಬೇಕಿರಲಿಲ್ಲ. ನನಗೆ ಇದು ತಪ್ಪು ಅನ್ನಿಸುತ್ತದೆ.

ನನ್ನ ಕೇಳಿದರೆ ಜರ್ಮನಿಯ ದಾರಿ ಮೇಲು. ಅಲ್ಲಿ ಹೊರದೇಶದ ಶಸ್ತ್ರಸಜ್ಜಿತ ಕಾರ್ಯಾಚರಣೆಗೆ ಸಂಸತ್ತಿನ ಒಪ್ಪಿಗೆ ಮೊದಲೇ ಬೇಕು. 1994ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹಾಗೆಂದಿತು, 2005ರಲ್ಲಿ ಅದಕ್ಕೊಂದು ಕಾನೂನೂ ಬಂತು. ತೀರಾ ತುರ್ತಿದ್ದರೆ ಸರ್ಕಾರ ಮೊದಲು ಕಳಿಸಿ ಆಮೇಲೆ ಕೇಳಬಹುದು. ಸಂಸತ್ತು ಬೇಡ ಎಂದರೆ ಸೇನೆ ಮನೆಗೆ ಬರಲೇಬೇಕು.