ಬೇರೆಯವರ ಅಂಗವನ್ನು ದೇಹ ಒಪ್ಪುವಂತೆ ಮಾಡಲು ಎಪ್ಪತ್ತು ವರ್ಷಗಳ ಹುಡುಕಾಟ

ಕಿಡ್ನಿ ಕಸಿ ಮಾಡಿಸಿಕೊಂಡವರು ಗೊತ್ತಿದ್ದರೆ ಅವರ ಮಾತ್ರೆ ಡಬ್ಬಿಯನ್ನೂ ನೋಡಿರುತ್ತೀರಿ. ದಿನವೂ ಗಡಿಯಾರ ನೋಡಿ ನುಂಗಬೇಕು. ಬಿಟ್ಟರೆ ದೇಹ ಹೊಸ ಕಿಡ್ನಿಯ ಮೇಲೆಯೇ ಏರಿಹೋಗುತ್ತದೆ. ನುಂಗುತ್ತಾ ಹೋದರೆ ಸೋಂಕಿನ ಭಯ, ಕೆಲವು ಬಗೆಯ ಕ್ಯಾನ್ಸರ್‌ಗಳ ಭಯ. ಟ್ಯಾಕ್ರೊಲಿಮಸ್‌ನಂಥ ಔಷಧಿಯಿಂದ ಕಾಲಕ್ರಮೇಣ ಕಿಡ್ನಿಗೇ ಪೆಟ್ಟು ಬೀಳಬಹುದು. ಇಡೀ ರೋಗನಿರೋಧಕ ಶಕ್ತಿಯನ್ನೇ ಮಂಕು ಮಾಡುವುದರಿಂದ ಈ ಕಷ್ಟ. ಆ ಒಂದು ಅಂಗದ ಮೇಲಿನ ಸಿಟ್ಟನ್ನು ಮಾತ್ರ ತಣಿಸಲು ಆಗುವುದಿಲ್ಲವೇ?

ಮೊದಲ ಸುಳಿವು ಸಿಕ್ಕಿದ್ದು ದನಗಳಲ್ಲಿ. 1945ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವನ್ ಅವಳಿ ಕರುಗಳ ರಕ್ತ ಪರೀಕ್ಷಿಸಿದಾಗ, ಒಂದರ ರಕ್ತಕಣ ಇನ್ನೊಂದರಲ್ಲಿ ಬೆರೆತಿತ್ತು. ಗರ್ಭದಲ್ಲೇ ಅವುಗಳ ರಕ್ತನಾಳಗಳು ಕೂಡಿಕೊಂಡಿದ್ದವು. ದೊಡ್ಡವಾದ ಮೇಲೂ ದೇಹ ಆ ಹೊರಗಿನ ಕಣಗಳ ಜೊತೆ ಜಗಳ ತೆಗೆದಿರಲಿಲ್ಲ.

ಇದನ್ನೇ ಬೇಕೆಂದು ಮಾಡಿ ನೋಡಿದವರು ಲಂಡನ್‌ನ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್, ಲೆಸ್ಲಿ ಬ್ರೆಂಟ್ ಮತ್ತು ಪೀಟರ್ ಮೆಡಾವರ್. ಇನ್ನೂ ಹುಟ್ಟದ ಇಲಿಮರಿಗಳಿಗೆ ಬೇರೆ ತಳಿಯ ಇಲಿಯ ಜೀವಕೋಶಗಳನ್ನು ಚುಚ್ಚಿದರು. ಬೆಳೆದ ಮೇಲೆ ಅದೇ ತಳಿಯ ಚರ್ಮವನ್ನು ಕಸಿ ಮಾಡಿದಾಗ ಹಲವು ಇಲಿಗಳಲ್ಲಿ ಅದು ಉದುರದೆ ಉಳಿಯಿತು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲಿನ ಪರೀಕ್ಷೆ. ಆ ಚರ್ಮವನ್ನು ಈಗಾಗಲೇ ದ್ವೇಷಿಸಲು ಕಲಿತಿದ್ದ ಮತ್ತೊಂದು ಇಲಿಯ ದುಗ್ಧರಸ ಗ್ರಂಥಿಯಿಂದ (ಲಿಂಫ್ ನೋಡ್, ರೋಗನಿರೋಧಕ ಕೋಶಗಳು ಸೇರುವ ಗಂಟು) ಜೀವಕೋಶ ತೆಗೆದು ಇವುಗಳಿಗೆ ಕೊಟ್ಟರು. ಅಷ್ಟು ದಿನ ನೆಮ್ಮದಿಯಾಗಿದ್ದ ಚರ್ಮ ಹಾಳಾಯಿತು. ಜಗಳವಾಗಲಿ ರಾಜಿಯಾಗಲಿ, ತೀರ್ಮಾನ ಇರುವುದು ಜೀವಕೋಶಗಳ ಕೈಯಲ್ಲಿ ಅಂತ 1953ರಲ್ಲೇ ಕಂಡಿತ್ತು, ಅಲ್ವಾ?

ಆದರೆ ಹುಟ್ಟುವ ಮೊದಲೇ ರೋಗಿಯನ್ನು ಸಜ್ಜು ಮಾಡಲು ಆಗುವುದಿಲ್ಲ. ಅಷ್ಟರಲ್ಲಿ ರೋಗನಿರೋಧಕ ಶಕ್ತಿಯನ್ನು ಮಂಕು ಮಾಡುವ ಮಾತ್ರೆಗಳು ಬಂದವು: ಮೊದಲು ಅಜಥಯೋಪ್ರಿನ್ ಬಂತು, 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಬಂತು. ಸಾವಿರಾರು ಜನ ಬದುಕಿದರು. ಜೀವಕೋಶದ ದಾರಿ ಹಿಂದೆ ಬಿತ್ತು.

ಅದನ್ನು ಮತ್ತೆ ಮುಂದಕ್ಕೆ ತಂದವರು ಜಪಾನಿನ ಶಿಮೊನ್ ಸಕಾಗುಚಿ. ದಾಳಿ ಮಾಡುವ ಟಿ-ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳು) ನಡುವೆಯೇ ಅವನ್ನು ತಡೆಯುವ ಒಂದು ಸಣ್ಣ ಗುಂಪಿದೆ ಎಂದು 1995ರಲ್ಲಿ ಇಲಿಗಳಲ್ಲಿ ತೋರಿಸಿದರು. ಆ ಗುಂಪನ್ನು ತೆಗೆದರೆ ಇಲಿಯ ದೇಹ ತನ್ನದೇ ಅಂಗಗಳ ಮೇಲೆ ಬೀಳುತ್ತಿತ್ತು, ಕಸಿ ಚರ್ಮದ ಮೇಲಿನ ಸಿಟ್ಟೂ ಜಾಸ್ತಿಯಾಗುತ್ತಿತ್ತು. ಮರಳಿಸಿದರೆ ತಣ್ಣಗಾಗುತ್ತಿತ್ತು. ಇವೇ ಟಿ-ರೆಗ್ ಕೋಶಗಳು. 2025ರ ವೈದ್ಯಕೀಯ ನೊಬೆಲ್ ಸಕಾಗುಚಿಯವರಿಗೆ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರ ಜೊತೆ ಬಂತು.

ಚಿಕಿತ್ಸೆಯ ಯೋಚನೆ ಸರಳ. ರಕ್ತದಿಂದ ಟಿ-ರೆಗ್ ಕೋಶಗಳನ್ನು ಬೇರ್ಪಡಿಸಿ, ಲ್ಯಾಬಿನಲ್ಲಿ ಸಂಖ್ಯೆ ಹೆಚ್ಚಿಸಿ, ದಾನಿಯ ಕೋಶಗಳ ಪರಿಚಯ ಮಾಡಿಸಿ, ಮತ್ತೆ ದೇಹಕ್ಕೆ ಬಿಡುವುದು. ಇತ್ತೀಚೆಗೆ ದಾನಿಯ ಅಂಗದ ಗುರುತನ್ನು ನೇರವಾಗಿ ಹಿಡಿಯುವ ಹಾಗೆ ಈ ಕೋಶಗಳ ಜೀನ್ ಬದಲಿಸಿ, ಇಲಿಗಳಿಗೆ ಹಾಕಿದ ಮನುಷ್ಯರ ಚರ್ಮವನ್ನೂ ಕಾಪಾಡಿದ್ದಾರೆ.

ಇಲಿಯಲ್ಲಿ ಗೆದ್ದದ್ದು ಕೋತಿಯಲ್ಲಿ ಅಷ್ಟು ಸುಲಭವಾಗಿ ಗೆಲ್ಲುವುದಿಲ್ಲ. ಲ್ಯಾಬಿನ ಇಲಿ ಶುಚಿಯಾದ ಪಂಜರದಲ್ಲಿ ಬೆಳೆದದ್ದು. ಕೋತಿಗೂ ಮನುಷ್ಯರಿಗೂ ನೂರೆಂಟು ಸೋಂಕು ತಗಲಿರುತ್ತದೆ. ಅವುಗಳ ನೆನಪು ಇಟ್ಟುಕೊಂಡ ಟಿ-ಕೋಶಗಳಲ್ಲಿ ಕೆಲವು ಹೊಸ ಅಂಗವನ್ನೂ ಹಳೇ ವೈರಿಯೆಂದೇ ತಿಳಿಯುತ್ತವೆ. ಇವು ಬೇಗ ಬಗ್ಗುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ತಂಡ 2013ರಲ್ಲಿ ಬೇರೊಂದು ಬಗೆಯ ಕೋಶವನ್ನು ಬಳಸಿತು. ದಾನಿ ಕೋತಿಯ ಡೆಂಡ್ರೈಟಿಕ್ ಕೋಶಗಳನ್ನು (ಹೊರಗಿನದು ಯಾವುದೆಂದು ಟಿ-ಕೋಶಗಳಿಗೆ ತೋರಿಸಿಕೊಡುವ ಕೋಶಗಳು) ಪಳಗಿಸಿ, ಕಿಡ್ನಿ ಕಸಿಗೆ ಒಂದು ವಾರ ಮೊದಲು ಕೊಟ್ಟರು. ಕಿಡ್ನಿ ಉಳಿದ ಅವಧಿಯ ಮಧ್ಯಾಂಕ (ಮೀಡಿಯನ್) 39.5 ದಿನಗಳಿಂದ 113.5 ದಿನಗಳಿಗೆ ಏರಿತು. ದೊಡ್ಡ ಹೆಜ್ಜೆಯೇ ಹೌದು. ಆದರೂ ನಾಲ್ಕು ತಿಂಗಳೂ ಆಗಲಿಲ್ಲ.

ಜಪಾನಿನಲ್ಲಿ 2005ರ ಹೊತ್ತಿಗೆ ಕೋತಿಯ ಟಿ-ಕೋಶಗಳನ್ನು ದಾನಿಯ ಕೋಶಗಳ ಜೊತೆ ಬೆಳೆಸಿ, ಸುಮ್ಮನಿರುವಂತೆ ಮಾಡಿ ಮರಳಿಸಿದ್ದರು. ಕೆಲವು ಕೋತಿಗಳಲ್ಲಿ ಕಿಡ್ನಿ ದೀರ್ಘಕಾಲ ಉಳಿಯಿತು. ಅದೇ ಬಗೆಯ ವಿಧಾನವನ್ನು ಹೊಕ್ಕೈಡೊದ ವೈದ್ಯರು ಯಕೃತ್ತಿನ ಕಸಿ ಮಾಡಿಸಿಕೊಂಡ 10 ಜನರಲ್ಲಿ ಬಳಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. 7 ಜನ ಮಾತ್ರೆಗಳನ್ನು ಪೂರ್ತಿ ಬಿಟ್ಟರು. ಉಳಿದ 3 ಜನರಿಗೆ ಮಾತ್ರೆ ಕಡಿಮೆ ಮಾಡುವಾಗ ದೇಹ ಹೊಸ ಯಕೃತ್ತನ್ನು ತಿರಸ್ಕರಿಸುವುದು ಸಣ್ಣ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಆ ಮೂವರಿಗೂ ಇದ್ದ ಮೂಲ ಕಾಯಿಲೆ, ದೇಹ ತನ್ನದೇ ಯಕೃತ್ತಿನ ಮೇಲೆ ಬೀಳುವ ಕಾಯಿಲೆ.