ಸೂಪು ಮಗುವಿಗೆ, ಚರಟ ಯಾರಿಗೆ?

ದಕ್ಷಿಣ ಚೀನಾದ ಹಾಂಗ್‌ಕಾಂಗ್‌ನಲ್ಲಾಗಲಿ ಗ್ವಾಂಗ್‌ಝೌನಲ್ಲಾಗಲಿ, ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಮತ್ತೆ ಮತ್ತೆ ಒಲೆ ಏರುವ ಸೂಪು ಒಂದಿದೆ. ಕ್ಯಾರೆಟ್, ಮೆಕ್ಕೆಜೋಳ, ಹಂದಿ ಮೂಳೆ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಎರಡು-ಮೂರು ಗಂಟೆ ಹಾಗೇ ಬಿಡುತ್ತಾರೆ. ಅಲ್ಲಿಯ ಕ್ಯಾಂಟನೀಸ್ ಮಾತಿನಲ್ಲಿ ಇಂಥ ಸೂಪಿಗೆ ‘ಲೋ ಫೋ ಟೋಂಗ್’ ಎಂದು ಹೆಸರು. ‘ಹಳೇ ಬೆಂಕಿಯ ಸೂಪು’ ಎಂದು ಅರ್ಥ. ‘ಒಲೆ ಮೇಲೆ ಮೂರು, ಹಬೆಯಲ್ಲಿ ನಾಲ್ಕು’ ಎಂದು ಗಂಟೆಗಳ ಲೆಕ್ಕ ಹೇಳುವ ಗಾದೆಯೂ ಅಲ್ಲಿದೆ.

ಆದ ಮೇಲೆ ತಿಳಿಯನ್ನು ಬಟ್ಟಲಿಗೆ ಬಗ್ಗಿಸಿ ಮಗುವಿಗೆ ಕುಡಿಸುತ್ತಾರೆ. ತಳದಲ್ಲಿ ಉಳಿಯುವ ಮಾಂಸ, ಕ್ಯಾರೆಟ್, ಜೋಳಕ್ಕೆ ‘ಟೋಂಗ್ ಜಾ’ ಎನ್ನುತ್ತಾರೆ. ಸೂಪಿನ ಚರಟ. ಸತ್ತ್ವವೆಲ್ಲ ತಿಳಿಗೆ ಇಳಿದಾಯಿತು, ಇನ್ನು ಇದರಲ್ಲೇನಿದೆ ಅಂತ ಎಷ್ಟೋ ಮನೆಗಳಲ್ಲಿ ಅದನ್ನು ಬಿಸಾಡುತ್ತಾರೆ. ನನಗೆ ಹೇಳಬೇಕೆನಿಸಿದ್ದು ಈ ಚರಟದ ವಿಷಯವೇ. ಮೂರು ಗಂಟೆಯಲ್ಲಿ ಏನು ಇಳಿಯಿತು, ಏನು ಉಳಿಯಿತು?

ಮೊದಲ ಕೆಲಸ ಮೂಳೆಯನ್ನು ತಣ್ಣೀರಿನಲ್ಲಿ ಹಾಕಿ ಒಂದು ಕುದಿ ತರಿಸುವುದು. ಮೇಲೆ ಬೂದು ಬಣ್ಣದ ನೊರೆ ಬರುತ್ತದೆ. ಅದು ರಕ್ತದಿಂದಲೂ ಮಾಂಸದ ರಸದಿಂದಲೂ ಬಂದ ಪ್ರೋಟೀನು. ತಣ್ಣೀರಿನಲ್ಲಿ ಅದು ಮೆಲ್ಲಗೆ ಹೊರಬರುತ್ತದೆ, ಬಿಸಿ ಏರಿದಾಗ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ತೇಲುತ್ತದೆ. ಆ ನೀರು ಚೆಲ್ಲಿ, ಮೂಳೆ ತೊಳೆದು, ಹೊಸ ನೀರಿನಲ್ಲಿ ಅಡುಗೆ ಶುರು. ಸೂಪು ತಿಳಿಯಾಗಿ, ಕಮಟು ವಾಸನೆ ಇಲ್ಲದೆ ಬರುವುದು ಇದರಿಂದ. ಬಿಸಿನೀರಿಗೇ ಹಾಕಿದರೆ ಹೊರಮೈಯ ಪ್ರೋಟೀನು ಅಲ್ಲೇ ಹೆಪ್ಪುಗಟ್ಟುತ್ತದೆ, ಒಳಗಿನದು ಆಮೇಲೆ ಸಣ್ಣಗೆ ಬಿಡುತ್ತಾ ಸೂಪನ್ನು ಬಗ್ಗಡ ಮಾಡುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಚರ್ಮ, ಕೀಲು, ಮೂಳೆಗೆ ಅಂಟಿದ ನಾರು, ಇವೆಲ್ಲ ಕೊಲಾಜೆನ್ ಎಂಬ ಪ್ರೋಟೀನಿನಿಂದ ಆದವು. ಮೂರು ಎಳೆಗಳನ್ನು ಹೊಸೆದ ಹಗ್ಗದ ಹಾಗಿರುತ್ತದೆ ಅದು. ಸುಮಾರು 60–70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಗ್ಗದ ಹುರಿ ಬಿಚ್ಚುತ್ತಾ ಹೋಗಿ, ಎಳೆಗಳು ನೀರಿನಲ್ಲಿ ಕರಗುತ್ತವೆ. ಅದೇ ಜೆಲಟಿನ್. ಬಾಯಲ್ಲಿ ಸೂಪು ತುಸು ದಪ್ಪಗೆ, ತುಟಿಗೆ ಅಂಟಿದ ಹಾಗೆ ಅನಿಸುತ್ತದಲ್ವಾ, ಅದು ಇದರಿಂದಲೇ. ರಾತ್ರಿ ಫ್ರಿಡ್ಜ್‌ನಲ್ಲಿಟ್ಟರೆ ಬೆಳಿಗ್ಗೆ ಜೆಲ್ಲಿಯಾಗಿರುತ್ತದೆ.

ಜೆಲ್ಲಿ ಕಂಡ ಕೂಡಲೇ ‘ನೋಡಿ, ಎಷ್ಟು ಪೌಷ್ಟಿಕ’ ಅನಿಸುವುದು ಸಹಜ. ಆದರೆ ಒಂದು ಲೋಟ ಸೂಪಿನಲ್ಲಿ ಕರಗಿರುವ ಪ್ರೋಟೀನು ಸಾಮಾನ್ಯವಾಗಿ ಕೆಲವೇ ಗ್ರಾಂ. ಅದರಲ್ಲೂ ಜೆಲಟಿನ್ ಅರೆಕೊರೆ ಪ್ರೋಟೀನು. ನಮ್ಮ ದೇಹ ತಾನಾಗಿ ತಯಾರಿಸಲಾಗದ, ಊಟದಿಂದಲೇ ಬರಬೇಕಾದ ಅಮೈನೋ ಆಮ್ಲಗಳಲ್ಲಿ ಟ್ರಿಪ್ಟೋಫ್ಯಾನ್ ಒಂದು. ಜೆಲಟಿನ್‌ನಲ್ಲಿ ಅದು ಇಲ್ಲವೇ ಇಲ್ಲ. ಬೆಳೆಯುವ ಮಗುವಿಗೆ ಬೇಕಾದ ಪೂರ್ತಿ ಪ್ರೋಟೀನು ಮಾಂಸದ ಎಳೆಗಳಲ್ಲಿದೆ, ಮತ್ತು ಮೂರು ಗಂಟೆ ಕುದಿಸಿದ ಮೇಲೂ ಅದರ ಬಹುಪಾಲು ಅಲ್ಲೇ ಇದೆ. ಕ್ಯಾರೆಟ್ಟಿನ ಕಿತ್ತಳೆ ಬಣ್ಣ, ಅಂದರೆ ವಿಟಮಿನ್ ಎ ಕೊಡುವ ಬೀಟಾ ಕ್ಯಾರೊಟೀನ್, ನೀರಿನಲ್ಲಿ ಕರಗುವುದಿಲ್ಲ. ಮೇಲೆ ತೇಲುವ ಜಿಡ್ಡಿಗೆ ಸ್ವಲ್ಪ ಇಳಿಯುತ್ತದೆ, ಉಳಿದದ್ದು ಕ್ಯಾರೆಟ್ಟಿನಲ್ಲೇ. ಮೆಕ್ಕೆಜೋಳದ ನಾರಂತೂ ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಮೂಳೆಯ ಕ್ಯಾಲ್ಸಿಯಂ? ಮುರಿದ ಕೈಕಾಲಿಗೆ ಕಾಲ್ ಸೂಪ್ ಕುಡಿಸುವ ನಮಗೂ ಈ ಪ್ರಶ್ನೆ ಬೇಕಾದದ್ದೇ. ಮೂಳೆಯಲ್ಲಿ ಕ್ಯಾಲ್ಸಿಯಂ ಇರುವುದು ಗಟ್ಟಿ ಹರಳಿನ ರೂಪದಲ್ಲಿ. ಬರೀ ನೀರಿನಲ್ಲಿ ಎಷ್ಟು ಕುದಿಸಿದರೂ ಆ ಹರಳು ಕರಗುವುದು ತೀರಾ ಕಡಿಮೆ. ಗ್ವಾಂಗ್‌ಝೌ ಇರುವ ಗ್ವಾಂಗ್‌ಡಾಂಗ್ ಪ್ರಾಂತ್ಯದ ಕಡೆ ಕಾರ್ಪ್ ಜಾತಿಯ ಸಣ್ಣ ಮೀನನ್ನು ಶುಂಠಿಯ ಜೊತೆ ಹುರಿದು, ಕುದಿಯುವ ನೀರು ಸುರಿದು, ಜೋರು ಉರಿಯಲ್ಲಿ ಕೊತಕೊತ ಕುದಿಸುತ್ತಾರೆ. ಹಾಲಿನಷ್ಟು ಬೆಳ್ಳಗಿನ ಸೂಪು ಬರುತ್ತದೆ. ಬಾಣಂತಿಯರಿಗೆ ಹಾಲು ಹೆಚ್ಚಲಿ ಎಂದು ಕೊಡುತ್ತಾರೆ. ಆ ಬಿಳುಪು ನಿಜಕ್ಕೂ ಜಿಡ್ಡಿನದು. ಜೋರು ಕುದಿತ ಜಿಡ್ಡನ್ನು ಒಡೆದು ಸಣ್ಣ ಸಣ್ಣ ಹನಿ ಮಾಡುತ್ತದೆ, ಜೆಲಟಿನ್ ಆ ಹನಿಗಳು ಮತ್ತೆ ಕೂಡದಂತೆ ತಡೆಯುತ್ತದೆ. ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಹಾಲು ಬೆಳ್ಳಗಿರುವುದಕ್ಕೂ ಹೆಚ್ಚುಕಡಿಮೆ ಇಂಥದ್ದೇ ಕಾರಣ, ಆದರೆ ಹಾಲಿನ ಕ್ಯಾಲ್ಸಿಯಂ ಈ ಸೂಪಿನಲ್ಲಿಲ್ಲ.

ಅದೇ ಬಾಣಂತಿಗೆ ಕೊಡುವ ಇನ್ನೊಂದು ಅಡುಗೆಯ ಕಥೆ ಬೇರೆ. ಹಂದಿ ಕಾಲು, ರಾಶಿ ಶುಂಠಿ, ಬೇಯಿಸಿದ ಮೊಟ್ಟೆ, ಸಿಹಿಯಾದ ಕಪ್ಪು ವಿನೆಗರ್. ಮಗುವಿಗೆ ತಿಂಗಳು ತುಂಬಿದಾಗ ನೆಂಟರಿಗೂ ಹಂಚುತ್ತಾರೆ. ವಿನೆಗರಿನ ಹುಳಿ ಮೂಳೆಯ ಹರಳನ್ನು ಕರಗಿಸುತ್ತದೆ, ಹಾಗಾಗಿ ಇಲ್ಲಿ ಕ್ಯಾಲ್ಸಿಯಂ ನಿಜಕ್ಕೂ ರಸಕ್ಕೆ ಇಳಿಯುತ್ತದೆ. ರಸಾಯನಶಾಸ್ತ್ರ ಓದದ ಅಜ್ಜಿಯರು ಸರಿಯಾದ ದ್ರಾವಕವನ್ನೇ ಹುಡುಕಿಕೊಂಡಿದ್ದರು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಹುಳಿ ಇಲ್ಲದ ಸೂಪಿನಿಂದ ಮಾತ್ರ ಇದನ್ನು ನಿರೀಕ್ಷಿಸಬೇಡಿ. ನಮ್ಮ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅವರ ಮನೆಗಳಲ್ಲಿ ಆ ಜಾಗ ಸೋಯಾ ಹಾಲಿನ ಪನೀರಿನಂಥ ಟೋಫುವಿನದು, ಅದರಲ್ಲೂ ಜಿಪ್ಸಮ್ ಎಂಬ ಕ್ಯಾಲ್ಸಿಯಂ ಲವಣ ಹಾಕಿ ಹೆಪ್ಪುಗಟ್ಟಿಸಿದ್ದು.

ಇಷ್ಟೆಲ್ಲ ಚರಟದಲ್ಲೇ ಉಳಿದರೂ ಸತ್ತ್ವ ತಿಳಿಯಲ್ಲಿದೆ ಎಂದು ಎಲ್ಲರಿಗೂ ಯಾಕೆ ಅನಿಸುತ್ತದೆ? ರುಚಿ ತಿಳಿಗೆ ಬಂದುಬಿಟ್ಟಿರುತ್ತದೆ, ಅದಕ್ಕೆ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಅದರ ರುಚಿಗೆ ಕಾರಣವಾದ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಕೊಡಾಮಾ ಒಣಮೀನಿನಲ್ಲಿ ಅಂಥದ್ದೇ ರುಚಿಯ ಇನೋಸಿನೇಟ್ ಕಂಡುಕೊಂಡರು. ಶಿಟಾಕೆ ಅಣಬೆಯ ಗ್ವಾನಿಲೇಟ್ ಆಮೇಲೆ ಸೇರಿತು. ಸ್ವಾರಸ್ಯ ಇರುವುದು ಇವು ಕೂಡಿದಾಗ. ಗ್ಲುಟಮೇಟ್ ಜೊತೆ ಉಳಿದೆರಡರಲ್ಲಿ ಒಂದು ಬೆರೆತರೂ ನಾಲಿಗೆಗೆ ರುಚಿ ಹಲವು ಪಟ್ಟು ಏರಿದ ಹಾಗೆ ಕಾಣುತ್ತದೆ. ಕೋಳಿಯಲ್ಲಿ ಇನೋಸಿನೇಟ್ ಇದೆ, ಚೀನೀ ಎಲೆಕೋಸಿನಲ್ಲಿ, ಹ್ಯಾಮ್‌ನಲ್ಲಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಯಲ್ಲಿ, ಗ್ಲುಟಮೇಟ್ ಇದೆ. ಕ್ಯಾಂಟನೀಸ್ ಬಾಣಸಿಗರ ಹೆಮ್ಮೆಯ ‘ಶಾಂಗ್ ಟಾಂಗ್’ ಎಂಬ ಸ್ಟಾಕಿಗೆ ಕೋಳಿ, ಹಂದಿ, ಜಿನ್‌ಹುವಾ ಹ್ಯಾಮ್ ಸೇರುವುದು ಸುಮ್ನೆ ಅಲ್ಲ.

ಸಸ್ಯಾಹಾರಿಗಳಿಗೂ ಈ ದಾರಿ ತೆರೆದೇ ಇದೆ. ಒಣ ಶಿಟಾಕೆಯನ್ನು ಫ್ರಿಡ್ಜ್‌ನಲ್ಲಿಟ್ಟು ತಣ್ಣೀರಿನಲ್ಲಿ ನೆನೆಸಿ, ಆ ನೀರಿನ ಸಮೇತ ನಿಧಾನಕ್ಕೆ ಬಿಸಿ ಮಾಡಿ. 60–70 ಡಿಗ್ರಿ ಹೊತ್ತಿಗೆ ಅಣಬೆಯೊಳಗಿನ ಕಿಣ್ವ ಗ್ವಾನಿಲೇಟ್ ಬಿಡಿಸುತ್ತದೆ. ಜೊತೆಗೆ ಟೊಮೇಟೊ ಅಥವಾ ಸೋಯಾ ಕಾಳು, ಕಡಲೆಕಾಯಿ ಬೀಜ, ಕ್ಯಾರೆಟ್, ಜೋಳ ಹಾಕಿದರೆ ಮೂಳೆ ಇಲ್ಲದೆಯೇ ಒಳ್ಳೇ ಸೂಪು ಆಗುತ್ತದೆ.

ರುಚಿಯ ಜೊತೆಗೇ ಪೊಟ್ಯಾಸಿಯಂ ಇಳಿಯುತ್ತದೆ, ಮೈಯಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್‌ಗಳೂ ಇಳಿಯುತ್ತವೆ. ಆ ಆಮ್ಲದಿಂದ ಕೀಲು ನೋಯುವ ಗೌಟ್ ಇರುವ ತಾತನಿಗೆ ಮಾಂಸದ ತಿಳಿ ಬಟ್ಟಲುಗಟ್ಟಲೆ ಬೇಡ. ವಿಟಮಿನ್ ಸಿ ಅಷ್ಟು ಹೊತ್ತಿನ ಕುದಿಗೆ ಹೆಚ್ಚಾಗಿ ಹಾಳಾಗಿರುತ್ತದೆ.

ನಾವು ಬಸ್ಸಾರು ಮಾಡುವಾಗ ಏನು ಮಾಡುತ್ತೇವೆ? ಕಾಳು-ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಬಸಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಕಟ್ಟೂ ನಮ್ಮದೇ, ಕಾಳೂ ನಮ್ಮದೇ. ಕ್ಯಾಂಟನೀಸ್ ಮನೆಗಳಲ್ಲೂ ಚರಟ ತಿನ್ನುವವರು ಇದ್ದಾರೆ. ಅವರು ಮಾಂಸವನ್ನು ಸೋಯಾ ಸಾಸ್‌ನಲ್ಲಿ ಅದ್ದಿ ತಿನ್ನುತ್ತಾರೆ. ಕುದಿದು ಸಪ್ಪೆಯಾದ ಮಾಂಸಕ್ಕೆ ಸೋಯಾ ಸಾಸಿನ ಗ್ಲುಟಮೇಟ್ ರುಚಿಯನ್ನು ವಾಪಸ್ ತರುತ್ತದೆ. ಮಗುವಿಗಾದರೆ ಸಾಸ್ ಬೇಡ, ಉಪ್ಪು ಜಾಸ್ತಿ. ಮೂಳೆ ಚೂರು ಇಲ್ಲ ಎಂದು ನೋಡಿಕೊಂಡು, ಎಳೆ ಬಿಡಿಸಿ, ಕ್ಯಾರೆಟ್ ಜೊತೆ ಮಿದ್ದು ಅನ್ನಕ್ಕೆ ಕಲಸಿ.

ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಮೂರು ಗಂಟೆ ಎಲ್ಲಿ ಸಿಗಬೇಕು? ಪ್ರೆಶರ್ ಕುಕ್ಕರ್‌ನಲ್ಲಿ ನೀರು ಸುಮಾರು 120 ಡಿಗ್ರಿಗೆ ಏರುತ್ತದೆ, ಕೊಲಾಜೆನ್ ಬಲು ಬೇಗ ಕರಗುತ್ತದೆ. ಮುಕ್ಕಾಲು ಗಂಟೆ ಸಾಕು. ವಿಸಿಲ್ ಮೇಲೆ ವಿಸಿಲ್ ಕೂಗಿಸದೆ, ಉರಿ ಸಣ್ಣ ಮಾಡಿದರೆ ಒಳಗೆ ಕುದಿತ ಕಡಿಮೆ, ಸೂಪು ತಿಳಿಯಾಗಿಯೇ ಬರುತ್ತದೆ. ಉಳಿದದ್ದನ್ನು ರಾತ್ರಿಯಿಡೀ ದೊಡ್ಡ ಪಾತ್ರೆಯಲ್ಲಿ ಒಲೆ ಮೇಲೇ ಬಿಡಬೇಡಿ. ಕುದಿಗೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಉಗುರುಬೆಚ್ಚಗಿನ ಮಾಂಸದ ಸೂಪಿನಲ್ಲಿ ಮತ್ತೆ ಮೊಳೆಯುತ್ತವೆ. ಸಣ್ಣ ಡಬ್ಬಿಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಡ್ಜ್‌ಗೆ ಸೇರಿಸಿ.

ಇನ್ನು ಗಿಡಮೂಲಿಕೆಯ ಪಾನೀಯಗಳು. ಕ್ಯಾಂಟನೀಸರಿಗೆ ‘ಯಿತ್ ಹೇ’ ಎಂಬ ಮಾತಿದೆ. ಬಾಯಿಹುಣ್ಣು, ಗಂಟಲು ಕೆರೆತ, ಮೊಡವೆ ಬಂದರೆ ಮೈಗೆ ‘ಬಿಸಿಗಾಳಿ’ ಏರಿದೆ ಎನ್ನುತ್ತಾರೆ. ನಮ್ಮ ‘ಉಷ್ಣ ಆಗಿದೆ’ ಅನ್ನುವ ಮಾತಿಗೆ ಎಷ್ಟು ಹತ್ತಿರ ನೋಡಿ. ಅವರಿಗೂ ಬೂದುಗುಂಬಳ ತಂಪು, ನಮಗೂ ತಂಪು. ಈ ಉಷ್ಣ ಇಳಿಸಲು ಕುಡಿಯುವುದು ‘ಲ್ಯೋಂಗ್ ಚಾ’, ಅಂದರೆ ತಂಪು ಚಹಾ. ಹೆಸರಿಗೆ ಚಹಾ, ಹೆಚ್ಚಿನದರಲ್ಲಿ ಚಹಾ ಎಲೆಯೇ ಇಲ್ಲ. ವೊಂಗ್ ಲೋ ಕಾತ್ ಎಂಬ ಹೆಸರಾಂತ ಲ್ಯೋಂಗ್ ಚಾ ತನ್ನ ಹುಟ್ಟನ್ನು 1828ರ ಗ್ವಾಂಗ್‌ಝೌಗೆ ಗುರುತಿಸುತ್ತದೆ. 2006ರಲ್ಲಿ ಚೀನಾ ಈ ಚಹಾವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೇವಂತಿಗೆ ಹೂವು, ಗೋಜಿ ಹಣ್ಣು, ಕಬ್ಬು, ಇಂಥವು ಸೌಮ್ಯ. (ಮಾರ್ಕೆಟ್ಟಿನ ಮಾಲೆಯ ಸೇವಂತಿಗೆ ಮಾತ್ರ ಬೇಡ, ಅದನ್ನು ಕುಡಿಯಲಿಕ್ಕೆಂದು ಬೆಳೆದಿರುವುದಿಲ್ಲ.) ಬೇರುಗಳ ವಿಷಯದಲ್ಲಿ ಹುಷಾರಾಗಿರಬೇಕು. ನಮ್ಮ ಗ್ರಂಧಿಗೆ ಅಂಗಡಿಯಲ್ಲೂ ಸಿಗುವ ಜೇಷ್ಠಮಧು ಅಲ್ಲಿಯೂ ಸಾಮಾನ್ಯ. ದಿನಾ ಜಾಸ್ತಿ ಕುಡಿದರೆ ಪೊಟ್ಯಾಸಿಯಂ ಇಳಿದು ಬಿ.ಪಿ. ಏರುತ್ತದೆ, ಬಸುರಿಯರಿಗೆ ಬೇಡ. ಹುವಾಂಗ್‌ಲಿಯನ್ ಎಂಬ ಹಳದಿ ಬೇರಿನಲ್ಲಿ ಬರ್ಬೆರಿನ್ ಇದೆ. ನಮ್ಮ ಮರದರಿಶಿನದಲ್ಲಿರುವುದೂ ಇದೇ. ನವಜಾತ ಶಿಶುಗಳ ಕಾಮಾಲೆಗೆ ಇದು ಕಾರಣವಾಗಬಹುದೆಂಬ ಆತಂಕದಿಂದ ಸಿಂಗಪುರ 1978ರಲ್ಲಿ ಬರ್ಬೆರಿನ್ ನಿಷೇಧಿಸಿತ್ತು. ನಿಷೇಧ ಆಮೇಲೆ ತೆರವಾಯಿತು, ಆದರೆ ಕೂಸುಗಳ ವಿಷಯದ ಎಚ್ಚರಿಕೆ ಉಳಿದಿದೆ. ದಕ್ಷಿಣ ಚೀನಾದಲ್ಲಿ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳು ಸಾಕಷ್ಟು ಇದ್ದಾರೆ, ಅವರಿಗೆ ಕಾಮಾಲೆಯ ಭಯ ಇನ್ನೂ ಹೆಚ್ಚು. ನಾವು ಬಜೆ ತೇಯ್ದು ನೆಕ್ಕಿಸುವ ಹಾಗೆ ಅಲ್ಲಿ ಕೂಸುಗಳಿಗೆ ಮೂಲಿಕೆ ನೀರು ಕುಡಿಸುವ ರೂಢಿ ಇದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷ ತುಂಬುವ ತನಕ ಜೇನುತುಪ್ಪವನ್ನೂ ಹಾಕಬಾರದು. ಸಿಹಿ ಸೂಪುಗಳಲ್ಲಿ ಬರುವ ಗಿಂಕ್ಗೊ ಬೀಜವನ್ನು ಪುಟ್ಟ ಮಕ್ಕಳಿಗೆ ಕೊಡಲೇಬಾರದು. ಬೇಯಿಸಿದರೂ ಪೂರ್ತಿ ಹೋಗದ ವಿಷ ಅದರಲ್ಲಿದೆ, ಹೆಚ್ಚಾದರೆ ಫಿಟ್ಸ್ ಬರುತ್ತದೆ.

ಸ್ವಲ್ಪ ದೊಡ್ಡ ಮಗುವಿಗೆ ಏನಾದರೂ ತಂಪಾಗಿ ಮಾಡಿಕೊಡಬೇಕು ಅನಿಸಿದರೆ ನಾನು ಹೇಳುವುದು ಪೇರ್ ಹಣ್ಣು ಮತ್ತು ಬಿಳಿ ಅಣಬೆಯ ಸೂಪು. ‘ಹಿಮದ ಕಿವಿ’ ಎಂದು ಕರೆಯುವ ಈ ಒಣ ಅಣಬೆಯನ್ನು ಒಂದೆರಡು ಗಂಟೆ ಮಾತ್ರ ನೆನೆಸಿ. ಹೊರಗೆ ರಾತ್ರಿಯಿಡೀ ನೆನೆಯಲು ಬಿಟ್ಟರೆ ಅಪರೂಪಕ್ಕೆ ಕುದಿಗೂ ಜಗ್ಗದ ವಿಷ ಹುಟ್ಟುವ ಅಪಾಯವಿದೆ. ಗಟ್ಟಿ ಬುಡ ಕತ್ತರಿಸಿ, ಸಣ್ಣಗೆ ಚೂರು ಮಾಡಿ, ಪೇರ್ ಹೋಳು, ಬೀಜ ತೆಗೆದ ಕೆಂಪು ಖರ್ಜೂರದಂಥ ಬೋರೆಹಣ್ಣು ಸೇರಿಸಿ ಗಂಟೆ ಹೊತ್ತು ಸಣ್ಣ ಉರಿಯಲ್ಲಿಡಿ. ಅಣಬೆಯ ಅಂಟು ನೀರಿಗೆ ಬಿಟ್ಟು ರಸ ಮಂದವಾಗುತ್ತದೆ. ಹಣ್ಣಿನ ಸಿಹಿಯೇ ಸಾಕಾಗುವುದರಿಂದ ಸಕ್ಕರೆ ಬೇಡ. ಬಟ್ಟಲಿಗೆ ಚಮಚ ಹಾಕಿ ಕೊಡಿ. ಇದನ್ನು ಅಲ್ಲಿ ಯಾರೂ ಸೋಸುವುದಿಲ್ಲ.